ಬಲ್ಬಿನ ರೋಧ ಮೀಟರಿನಲ್ಲಿ 0.8 ಓಮ್, ಲೆಕ್ಕದಲ್ಲಿ 6.86 ಓಮ್: ಯಾವುದನ್ನು ನಂಬಬೇಕು?

ಪ್ರಶ್ನೆ (ಹೊಸಕಲಿಕೆ):
ನಮಸ್ಕಾರ. 12 ವೋಲ್ಟ್, 21 ವ್ಯಾಟ್ ಎಂದು ಬರೆದಿರುವ ಫಿಲಮೆಂಟ್ ಬಲ್ಬ್ ಇದೆ. ವೋಲ್ಟೇಜಿನ ವರ್ಗವನ್ನು ವ್ಯಾಟ್‌ನಿಂದ ಭಾಗಿಸಿದರೆ 144 ÷ 21 = 6.86 ಓಮ್. ಮಲ್ಟಿಮೀಟರ್ ಇಟ್ಟರೆ 0.8 ಓಮ್ ತೋರಿಸುತ್ತದೆ. ಅದೇ ನಿಜವಾದರೆ 12 ÷ 0.8 = 15 ಆಂಪಿಯರ್ ಹರಿಯಬೇಕು, 180 ವ್ಯಾಟ್ ಆಗಬೇಕು. ಬ್ಯಾಟರಿಗೆ ಜೋಡಿಸಿ ಅಳೆದಾಗ ಹರಿದದ್ದು 1.73 ಆಂಪಿಯರ್ ಮಾತ್ರ, ಆಗ ಬ್ಯಾಟರಿ ತುದಿಗಳಲ್ಲಿ 12.6 ವೋಲ್ಟ್ ಇತ್ತು. ಇವೆರಡರಿಂದ ರೋಧ 7.28 ಓಮ್ ಬರುತ್ತದೆ. ಮೂರು ಉತ್ತರಗಳಲ್ಲಿ ಯಾವುದು ಸರಿ?

ಉತ್ತರ (ಕಾವುತಂತಿ):
0.8 ಮತ್ತು 6.86ರ ವ್ಯತ್ಯಾಸಕ್ಕೆ ಕಾರಣ ಬಿಸಿ. ಓಮ್ ರೇಂಜಿನಲ್ಲಿ ಮೀಟರ್ ತನ್ನ ಬ್ಯಾಟರಿಯಿಂದ ಚೂರೇ ಚೂರು ಕರೆಂಟ್ ಹರಿಸುತ್ತದೆ, ಫಿಲಮೆಂಟ್ ತಣ್ಣಗೇ ಉಳಿಯುತ್ತದೆ. ಉರಿಯುವಾಗ ಟಂಗ್‌ಸ್ಟನ್ 2000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ರೋಧ ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಓಮ್‌ನ ನಿಯಮ ಇಲ್ಲಿ ಸೋತಿಲ್ಲ, ನೀವು ಅಳೆದ ಹೊತ್ತಿಗೂ ಬಲ್ಬ್ ಕೆಲಸ ಮಾಡುವ ಹೊತ್ತಿಗೂ ರೋಧ ಬೇರೆ ಬೇರೆ.

ಆ 0.8ರಲ್ಲೂ ಮೀಟರ್ ವೈರುಗಳ ಪಾಲಿದೆ. ಎರಡು ಪ್ರೋಬ್‌ಗಳ ತುದಿಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಒತ್ತಿ ನೋಡಿ. ಸಾಮಾನ್ಯವಾಗಿ 0.1ರಿಂದ 0.3 ಓಮ್ ತೋರಿಸುತ್ತದೆ. 0.2 ಬಂತೆಂದರೆ ಬಲ್ಬಿನದು 0.6 ಓಮ್. ದೊಡ್ಡ ರೋಧ ಅಳೆಯುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ, ಒಂದು ಓಮ್‌ಗಿಂತ ಕಡಿಮೆ ಇರುವಲ್ಲಿ ಇದನ್ನು ಕಳೆಯದಿದ್ದರೆ ಅಳತೆಯೇ ದಂಡ.

ತಣ್ಣನೆಯ ರೋಧವೂ ಕೆಲಸಕ್ಕೆ ಬಾರದ್ದಲ್ಲ. ಸ್ವಿಚ್ ಹಾಕಿದ ಮೊದಲ ಕ್ಷಣ ಲೆಕ್ಕದ ಪ್ರಕಾರ 12 ÷ 0.6 = 20 ಆಂಪಿಯರ್ ಎಳೆಯಬಹುದು. ವೈರಿನ ರೋಧದಿಂದ ಸ್ವಲ್ಪ ತಗ್ಗುತ್ತದೆ, ಫಿಲಮೆಂಟ್ ಕಾಯುತ್ತಿದ್ದಂತೆ ಬೇಗನೆ ಇಳಿಯುತ್ತದೆ. ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ ಸುಡುವುದು ಇದಕ್ಕೇ. ಟ್ರಾನ್ಸಿಸ್ಟರ್ ಮೂಲಕ ಬಲ್ಬ್ ಉರಿಸುವವರು 21 ÷ 12 = 1.75 ಆಂಪಿಯರ್ ಮಾತ್ರ ನೋಡಿ ಬಿಡಿಭಾಗ ಆರಿಸಿದರೆ ಅದೂ ಸುಟ್ಟುಹೋಗಬಹುದು.

ಉತ್ತರ (ಎರಡುಮೀಟರ್):
7.28 ಬಂದದ್ದು ವೋಲ್ಟೇಜನ್ನು ತಪ್ಪು ಜಾಗದಲ್ಲಿ ಅಳೆದದ್ದರಿಂದ. ಕರೆಂಟ್ ಇಡೀ ಸುತ್ತಿನಲ್ಲಿ ಒಂದೇ, ವೋಲ್ಟೇಜ್ ಹಾಗಲ್ಲ. ಬಲ್ಬ್ ಉರಿಯುತ್ತಿರುವಾಗ ಹೋಲ್ಡರಿನ ಎರಡು ತುದಿಗಳಲ್ಲೇ ಪ್ರೋಬ್ ಇಟ್ಟು ಅಳೆಯಿರಿ, ಆ ಸಂಖ್ಯೆ ಇಲ್ಲಿ ಹಾಕಿ.

ಒಂದೇ ಮೀಟರ್ ಇದ್ದರೆ ಜಾಗ್ರತೆ. ಕರೆಂಟ್ ಅಳೆಯಲು ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿರುತ್ತೀರಿ. ಅದನ್ನು ವಾಪಸ್ ತೆಗೆಯದೆ ವೋಲ್ಟೇಜ್ ಅಳೆಯಹೋದರೆ ಬ್ಯಾಟರಿ ನೇರ ಶಾರ್ಟ್ ಆಗುತ್ತದೆ, ಡಯಲ್ ಎಲ್ಲಿಗೆ ತಿರುಗಿಸಿದ್ದರೂ ಅಷ್ಟೇ. ಕೆಲವು ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ಇನ್ನೊಂದು: ಕರೆಂಟ್ ಹರಿಯುತ್ತಿರುವ ಸರ್ಕ್ಯೂಟಿಗೆ ಓಮ್ ರೇಂಜಿನಲ್ಲಿ ಪ್ರೋಬ್ ತಾಗಿಸಲೇಬೇಡಿ.

ಹೊಸಕಲಿಕೆ:
ಹೋಲ್ಡರಿನಲ್ಲಿ 11.8 ವೋಲ್ಟ್ ಬಂತು, ಕರೆಂಟ್ ಅದೇ 1.73. ಹಾಗಾದರೆ 11.8 ÷ 1.73 = 6.82 ಓಮ್, 11.8 × 1.73 = 20.4 ವ್ಯಾಟ್. ಉಳಿದ 0.8 ವೋಲ್ಟ್ ಎಲ್ಲಿ ಹೋಯಿತು? ಇನ್ನೊಂದು ಪ್ರಶ್ನೆ: ಇಸ್ತ್ರಿ ಪೆಟ್ಟಿಗೆಗೂ ಹೀಗೇ ಲೆಕ್ಕ ಹಾಕಬಹುದೇ?

ಎರಡುಮೀಟರ್:
ವೈರು, ಕ್ಲಿಪ್ಪು, ಹೋಲ್ಡರು, ಜೊತೆಗೆ ಸಾಲಿನಲ್ಲಿ ಕೂತ ನಿಮ್ಮ ಮೀಟರು. ಎಲ್ಲ ಸೇರಿ 0.8 ÷ 1.73 = 0.46 ಓಮ್. ಅಲ್ಲಿ 1.4 ವ್ಯಾಟ್ ಬಿಸಿಯಾಗಿ ಹೋಗುತ್ತಿದೆ. ತಾಳೆ ನೋಡಿ: 20.4 + 1.4 = 21.8, ಬ್ಯಾಟರಿ ಕಡೆಯಿಂದ 12.6 × 1.73 ಕೂಡ 21.8. ಒಂದೊಂದು ತುಂಡಿಗೂ ಪ್ರೋಬ್ ಇಟ್ಟು ನೋಡುತ್ತಾ ಬಂದರೆ ಯಾವ ಕ್ಲಿಪ್ಪು ಸಡಿಲ ಎಂದು ಅಲ್ಲೇ ಸಿಗುತ್ತದೆ. ಸಡಿಲ ಕನೆಕ್ಷನ್ ಹುಡುಕಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕಾವುತಂತಿ:
ಇಸ್ತ್ರಿ ಪೆಟ್ಟಿಗೆಯ ಕಾಯಿಲ್ ನೈಕ್ರೋಮ್, ಅಂದರೆ ನಿಕಲ್-ಕ್ರೋಮಿಯಂ ಮಿಶ್ರಲೋಹ. ಕಾದರೂ ಅದರ ರೋಧ ಸ್ವಲ್ಪವೇ ಏರುತ್ತದೆ. 230 ವೋಲ್ಟ್, 1000 ವ್ಯಾಟ್‌ನದಾದರೆ 52.9 ಓಮ್. ಪ್ಲಗ್ ಕಿತ್ತು, ಡಯಲ್ ಆನ್ ಕಡೆಗೆ ತಿರುಗಿಸಿ, ಪ್ಲಗ್ಗಿನ ದೊಡ್ಡ ಅರ್ಥ್ ಪಿನ್ ಬಿಟ್ಟು ಉಳಿದ ಎರಡು ಪಿನ್ನುಗಳ ನಡುವೆ ಅಳೆದರೆ 50ರ ಆಸುಪಾಸು ಬರಬೇಕು. ಏನೂ ತೋರಿಸದಿದ್ದರೆ ಕಾಯಿಲ್, ಥರ್ಮೋಸ್ಟಾಟ್ ಅಥವಾ ವೈರು ಎಲ್ಲೋ ತುಂಡಾಗಿದೆ. ಮೇನ್ಸ್ ಕರೆಂಟ್ ಅಳೆಯಲು ಮಾತ್ರ ಕ್ಲ್ಯಾಂಪ್ ಮೀಟರ್ ಬಳಸಿ, ಅದನ್ನೂ ಒಂದೇ ವೈರಿನ ಸುತ್ತ ಹಾಕಬೇಕು. ಎರಡೂ ವೈರುಗಳನ್ನು ಒಟ್ಟಿಗೆ ಹಿಡಿದರೆ ಸೊನ್ನೆ ಬರುತ್ತದೆ.

ಉತ್ತರ (ಬೋರ್ಡ್‌ಕೆಲಸ):
ಸಣ್ಣ ಕರೆಂಟಿನ ಲೆಕ್ಕದಲ್ಲಿ ಎಡವುವುದು ಮಿಲಿಯಲ್ಲಿ. 9 ವೋಲ್ಟ್, 15 ಮಿಲಿಆಂಪಿಯರ್ ಇದ್ದಾಗ 9 ÷ 15 = 0.6 ಬರುತ್ತದೆ, ಅದು ಓಮ್ ಅಲ್ಲ, ಕಿಲೋಓಮ್: 600 ಓಮ್. ಗುಣಿಸಿದರೆ 135, ಅದು ಮಿಲಿವ್ಯಾಟ್. ಇಷ್ಟು ನೆನಪಿದ್ದರೆ ಸೊನ್ನೆ ಎಣಿಸುವ ಕೆಲಸವಿಲ್ಲ.

ರೆಸಿಸ್ಟರ್ ಆರಿಸುವಾಗ ಓಮ್ ಜೊತೆಗೆ ವ್ಯಾಟನ್ನೂ ನೋಡಿ. 12 ವೋಲ್ಟಿಗೆ 100 ಓಮ್ ಹಾಕಿದರೆ 1.44 ವ್ಯಾಟ್. ಕಾಲು ವ್ಯಾಟಿನದು ಹೊಗೆಯಾಡುತ್ತದೆ, 2 ವ್ಯಾಟಿನದು ಕೈ ಸುಡುವಷ್ಟು ಕಾಯುತ್ತದೆ, 3 ವ್ಯಾಟಿನದು ಹಾಕಿ.

ಫ್ಯಾನ್, ಪಂಪು ಇವಕ್ಕೆ ಈ ಗುಣಾಕಾರ ಸಾಲದು. 230 ವೋಲ್ಟಿನಲ್ಲಿ 0.35 ಆಂಪಿಯರ್ ಎಳೆಯುವ ಫ್ಯಾನಿಗೆ ಗುಣಿಸಿದರೆ 80.5 ಬರುತ್ತದೆ, ಅದು ವೋಲ್ಟ್‌ಆಂಪಿಯರ್. ಪವರ್ ಫ್ಯಾಕ್ಟರ್ (ಅದರಲ್ಲಿ ನಿಜವಾಗಿ ಬಳಕೆಯಾಗುವ ಪಾಲು) 0.9 ಇದ್ದರೆ ನಿಜವಾದ ಪವರ್ ಸುಮಾರು 72 ವ್ಯಾಟ್. ಭಾಗಿಸಿದಾಗ ಬರುವ 657 ಕೂಡ ವೈಂಡಿಂಗಿನ (ಮೋಟಾರಿನೊಳಗೆ ಸುತ್ತಿದ ತಂತಿಯ) ರೋಧವಲ್ಲ, ಇಂಪೀಡೆನ್ಸ್, ಅಂದರೆ ಎಸಿ ಕರೆಂಟಿಗೆ ಎದುರಾಗುವ ಒಟ್ಟು ಅಡ್ಡಿ. ಅದನ್ನು ಓಮ್ ಮೀಟರಿನ ಅಂಕಿಗೆ ಹೋಲಿಸಿ ವೈಂಡಿಂಗ್ ಶಾರ್ಟ್ ಆಗಿದೆ ಎಂದು ಬಿಚ್ಚಲು ಹೋಗಬೇಡಿ.