ಎಲೆಕ್ಟ್ರೋಸ್ಪ್ರೇ: 7 ನ್ಯಾನೋಮೀಟರ್‌ಗೆ ಪೀಕ್ ಇದೆ, ಗ್ರಿಡ್ ಮೇಲೆ ಪ್ರೋಟೀನ್ ಇಲ್ಲ

ಪ್ರಶ್ನೆ (ಅಂಧೇರಿ, ಮುಂಬೈ)
ಬಿಎಸ್‌ಎಯನ್ನು (ಹಸುವಿನ ರಕ್ತದ ಪ್ರೋಟೀನ್) ಎಲೆಕ್ಟ್ರೋಸ್ಪ್ರೇಯಲ್ಲಿ, ಅಂದರೆ ವೋಲ್ಟೇಜ್ ಕೊಟ್ಟು ಸಣ್ಣ ಹನಿಗಳಾಗಿ ಸ್ಪ್ರೇ ಮಾಡಿ, ಡಿಎಂಎಯಲ್ಲಿ (ಗಾಳಿಯಲ್ಲಿರುವ ಚಾರ್ಜಿನ ಕಣಗಳನ್ನು ವಿಂಗಡಿಸುವ ಸಾಧನ) ಗಾತ್ರದ ಪ್ರಕಾರ ಬೇರ್ಪಡಿಸಿ, ಮೈಕ್ರೋಸ್ಕೋಪಿನಲ್ಲಿ ಇಡುವ ಚಿಕ್ಕ ಲೋಹದ ಗ್ರಿಡ್ ಮೇಲೆ ಹಿಡಿಯಬೇಕು. ಪಿಬಿಎಸ್‌ನಲ್ಲಿದ್ದ (ಫಾಸ್ಫೇಟ್ ಉಪ್ಪುನೀರಿನ ಬಫರ್) ಸ್ಟಾಕನ್ನು 20 ಮಿಲಿಮೋಲಾರ್ ಅಮೋನಿಯಂ ಅಸಿಟೇಟ್‌ನಲ್ಲಿ (ಹನಿ ಒಣಗುವಾಗ ಆವಿಯಾಗಿ ಹೋಗುವ ಬಫರ್) 50 ಪಟ್ಟು ಡೈಲ್ಯೂಟ್ ಮಾಡಿದ್ದೇನೆ. ಕಣಗಳ ಗಾತ್ರದ ಗ್ರಾಫಿನಲ್ಲಿ 7 ನ್ಯಾನೋಮೀಟರ್ ಹತ್ತಿರ ಒಳ್ಳೆಯ ಪೀಕ್ ಬಂತು. ಒಂದು ಗಂಟೆ ಹಿಡಿದ ಗ್ರಿಡ್ ತೊಳೆದು ಬ್ರಾಡ್‌ಫರ್ಡ್ (ಬಣ್ಣದಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ಮಾಡಿದರೆ ಬಣ್ಣವೇ ಇಲ್ಲ. ಮಳೆ ಶುರುವಾದಾಗಿನಿಂದ ಸ್ಪ್ರೇ ಕರೆಂಟೂ ಸ್ಥಿರವಾಗಿ ನಿಲ್ಲುತ್ತಿಲ್ಲ.

ಉತ್ತರ (ಪುಣೆ)
ಆ ಪೀಕ್ ಬಹುಮಟ್ಟಿಗೆ ಉಪ್ಪಿನದು ಸರ್. ಪಿಬಿಎಸ್‌ನಲ್ಲಿ ಲೀಟರಿಗೆ ಸುಮಾರು 10 ಗ್ರಾಂ ಉಪ್ಪಿರುತ್ತದೆ. 50 ಪಟ್ಟು ಡೈಲ್ಯೂಟ್ ಮಾಡಿದರೂ ದ್ರವದ ಗಾತ್ರದಲ್ಲಿ ಹತ್ತುಸಾವಿರಕ್ಕೆ ಒಂದು ಪಾಲು ಉಳಿಯುತ್ತದೆ. 150 ನ್ಯಾನೋಮೀಟರ್ ಹನಿ ಒಣಗಿದರೆ ಉಳಿಯುವ ಉಪ್ಪಿನ ಕಣ ಹೆಚ್ಚುಕಡಿಮೆ 7 ನ್ಯಾನೋಮೀಟರ್, ಅಂದರೆ ಬಿಎಸ್‌ಎ ಕೂರುವ ಜಾಗವೇ. ಉಪ್ಪು ಮೆತ್ತಿಕೊಂಡ ಬಿಎಸ್‌ಎ 8.5ರ ಆಸುಪಾಸಿಗೆ ಸರಿದಿರುತ್ತದೆ. ಅದನ್ನು ಡೈಮರ್ (ಎರಡು ಅಣು ಕೂಡಿದ ಜೋಡಿ) ಅಂದುಕೊಳ್ಳಬೇಡಿ.

ಪರೀಕ್ಷೆ ಸುಲಭ. ಅದೇ ಸ್ಯಾಂಪಲ್ಲಿಗೆ ಅಷ್ಟೇ ಗಾತ್ರದ ಅಮೋನಿಯಂ ಅಸಿಟೇಟ್ ಸೇರಿಸಿ ಮತ್ತೆ ಸ್ಪ್ರೇ ಮಾಡಿ. ಶುದ್ಧ ಪ್ರೋಟೀನಾದರೆ ಪೀಕ್ ಗಿಡ್ಡವಾಗುತ್ತದೆ, ಜಾಗ ಬಿಡುವುದಿಲ್ಲ. ಉಪ್ಪಾದರೆ 5.5ರ ಕಡೆಗೆ ಜಾರುತ್ತದೆ.

ಉಪ್ಪು ತೆಗೆಯಲು, 10 ಕಿಲೋಡಾಲ್ಟನ್ ಸ್ಪಿನ್ ಫಿಲ್ಟರಿನಲ್ಲಿ (ಪ್ರೋಟೀನ್ ಉಳಿಸಿಕೊಂಡು ಉಪ್ಪನ್ನು ಸೋಸಿಬಿಡುವ ಫಿಲ್ಟರ್) 500 ಮೈಕ್ರೋಲೀಟರನ್ನು 50ಕ್ಕೆ ಇಳಿಸಿ, ಅಮೋನಿಯಂ ಅಸಿಟೇಟ್ ತುಂಬಿ. ಹೀಗೆ ನಾಲ್ಕು ಸಲ. ಬಫರ್ ಗಾಜಿನ ಬಾಟಲಿಯಲ್ಲಿ ಬೇಡ, ಗಾಜಿನಿಂದ ಸೋಡಿಯಂ ಬಿಡುತ್ತದೆ. ಕೊನೆಗೆ ಪ್ರೋಟೀನನ್ನು 0.1 ಮೈಕ್ರೋಮೋಲಾರ್‌ಗೆ ತನ್ನಿ. 1 ಮೈಕ್ರೋಮೋಲಾರ್‌ನಲ್ಲಿ ಹನಿಗೆ ಸರಾಸರಿ ಒಂದು ಅಣು ಬೀಳುತ್ತದೆ, ಎರಡು ಸಿಕ್ಕಿದ ಹನಿಗಳೂ ಸಾಕಷ್ಟಿರುತ್ತವೆ. ಅವು ಒಣಗಿ ಅಂಟಿಕೊಂಡು ಸುಳ್ಳು ಡೈಮರ್ ಕಾಣಿಸುತ್ತವೆ.

ಉತ್ತರ (ಪಣಜಿ)
ಕರೆಂಟ್ ವಿಷಯಕ್ಕೆ ಮೊದಲು ಸಿಲಿಕಾ ಜೆಲ್ ನೋಡಿ. ನೀಲಿ ಜೆಲ್ ಗುಲಾಬಿಗೆ ತಿರುಗಿದ್ದರೆ ಗಾಳಿ ಒಣಗುತ್ತಿಲ್ಲ, ಹನಿಯೂ ಪೂರ್ತಿ ಒಣಗದು. ನಮ್ಮ ಕರಾವಳಿಯ ಜುಲೈನಲ್ಲಿ ಜೆಲ್ ಬಹಳ ದಿನ ತಾಳುವುದಿಲ್ಲ. ಆಮೇಲೆ ಕಾರ್ಬನ್ ಡೈಆಕ್ಸೈಡ್ ಹರಿವು ನೋಡಿ: ನಿಮಿಷಕ್ಕೆ 1 ಲೀಟರ್ ಗಾಳಿಗೆ 0.1 ಲೀಟರ್. ಅದು ಕಡಿಮೆಯಾದರೆ ಕ್ಯಾಪಿಲರಿ (ಸ್ಪ್ರೇ ಹೊರಡುವ ಸಣ್ಣ ನಳಿಗೆ) ತುದಿಯಲ್ಲಿ ಕರೋನಾ ಡಿಸ್ಚಾರ್ಜ್ (ಗಾಳಿಯೊಳಗೆ ವಿದ್ಯುತ್ ಸೋರಿಕೆ) ಆಗಿ ಕರೆಂಟ್ ಎಗರುತ್ತದೆ. ತುದಿಯಲ್ಲಿ ಚೂಪಾದ ಕೋನ್ ಕಾಣದೆ ಹನಿ ತೂಗುತ್ತಿದ್ದರೆ ವೋಲ್ಟೇಜ್ ಸಾಲದು. 2 ಕಿಲೋವೋಲ್ಟ್ ಸುತ್ತ ನಿಧಾನವಾಗಿ ಏರಿಸಿ, ಕರೆಂಟ್ ಸ್ಥಿರವಾದಲ್ಲಿ ನಿಲ್ಲಿಸಿ.

ಪ್ರಶ್ನೆ (ಅಂಧೇರಿ)
ಪೀಕ್ 5.4ಕ್ಕೆ ಜಾರಿತು, ಉಪ್ಪೇ. ಫಿಲ್ಟರ್ ಆದ ಮೇಲೆ ಬ್ರಾಡ್‌ಫರ್ಡ್‌ಗೆ ಎಷ್ಟು ಹೊತ್ತು ಹಿಡಿಯಬೇಕು?

ಉತ್ತರ (ಪುಣೆ)
ಬ್ರಾಡ್‌ಫರ್ಡ್ ಬಿಟ್ಟುಬಿಡಿ. ಘನ ಸೆಂಟಿಮೀಟರಿಗೆ 1000 ಕಣ, ನಿಮಿಷಕ್ಕೆ 1.5 ಲೀಟರ್ ಅಂದರೆ ಗಂಟೆಗೆ 9 ಕೋಟಿ ಅಣು. ಎಲ್ಲವೂ ಗ್ರಿಡ್‌ಗೆ ಅಂಟಿದರೂ 10 ಪಿಕೋಗ್ರಾಂ ಅಷ್ಟೇ, ಬ್ರಾಡ್‌ಫರ್ಡ್‌ಗೆ ಮೈಕ್ರೋಗ್ರಾಂ ಬೇಕು. ಗ್ರಿಡ್‌ಗೆ ಸ್ಟೇನ್ ಹಾಕಿ ಟಿಇಎಂನಲ್ಲಿ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ನೋಡಿ, ಅಥವಾ ಮೈಕಾ (ಅಭ್ರಕ) ಮೇಲೆ ಹಿಡಿದು ಎಎಫ್‌ಎಂ (ಸೂಜಿಯಿಂದ ಮೇಲ್ಮೈ ತಡವಿ ನೋಡುವ ಮೈಕ್ರೋಸ್ಕೋಪ್) ಮಾಡಿ. ಡಿಎಂಎಯಿಂದ ಪಾಸಿಟಿವ್ ಕಣ ತೆಗೆಯುತ್ತಿದ್ದರೆ ಗ್ರಿಡ್‌ಗೆ ನೆಗೆಟಿವ್ ವೋಲ್ಟೇಜ್ ಇದೆಯೇ ಅಂತಲೂ ನೋಡಿಕೊಳ್ಳಿ.