ಮನೆಯಲ್ಲಿ ಸಂಗೀತ ಕಛೇರಿ ಇಟ್ಟುಕೊಂಡವರು ದಯವಿಟ್ಟು ಅನುಭವ ಹೇಳಿ

ನಮ್ಮದು ಬೆಂಗಳೂರಿನ ರಾಜಾಜಿನಗರದಲ್ಲಿ ಮೂರನೆಯ ಮಹಡಿಯ ಫ್ಲ್ಯಾಟ್. ನಡುಮನೆ 14 ಅಡಿಗೆ 18 ಅಡಿ ಇದೆ. ಕಳೆದ ತಿಂಗಳು ಒಂದು ಪುಸ್ತಕದಂಗಡಿಯ ಮಹಡಿಯಲ್ಲಿ ಯುವ ಗಾಯಕಿಯೊಬ್ಬರ ಹಾಡು ಕೇಳಿದೆ. ಶಿಶುನಾಳ ಷರೀಫರ ತತ್ವಪದ, ಅಕ್ಕನ ವಚನ, ನಡುನಡುವೆ ತಾವೇ ಬರೆದು ರಾಗ ಹಾಕಿದ ಹಾಡುಗಳು. ಜೊತೆಗೆ ಒಂದು ಗಿಟಾರ್, ಒಂದು ತಬಲಾ. ಅಂದಿನಿಂದ ಅವರನ್ನು ಮನೆಗೇ ಕರೆಸಬೇಕೆಂಬ ಆಸೆ ಹತ್ತಿದೆ. ಅಮ್ಮನಿಗೆ 74 ವರ್ಷ, ಮಂಡಿನೋವು, ಸಭಾಂಗಣಕ್ಕೆ ಬರಲಾರರು. 30 ಜನರನ್ನು ಕರೆಯುವ ಯೋಚನೆಯಿದೆ. ಮೈಕು ಬೇಕೇ? ಹಣದ ಮಾತು ಹೇಗೆ ಎತ್ತುವುದು? ಊಟ ಹಾಕಬೇಕೇ? ಅಕ್ಕಪಕ್ಕದವರಿಗೆ ಏನು ಹೇಳುವುದು? ಮಾಡಿ ನೋಡಿದವರು ತಿಳಿಸಿ.

ಮೈಸೂರಿನಿಂದ

ಒಂಬತ್ತು ವರ್ಷಗಳಿಂದ ನಮ್ಮ ಹಳೆಯ ಮನೆಯಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ಕಛೇರಿ ನಡೆಸುತ್ತಿದ್ದೇವೆ. ಮೊದಲ ಮಾತು, 30 ಜನ ಬೇಡ, 25 ಸಾಕು. ನಿಮ್ಮ ನಡುಮನೆ 252 ಚದರ ಅಡಿ. ಮೂವರು ಕಲಾವಿದರು ವಾದ್ಯಗಳೊಂದಿಗೆ ಕೂರಲು ಸುಮಾರು 50 ಚದರ ಅಡಿ ಬೇಕು. ಬಾಗಿಲಿಗೆ ಹೋಗುವ ದಾರಿ, ವಯಸ್ಸಾದವರ ಕುರ್ಚಿಗಳು, ಬಿಟ್ಟ ಚಪ್ಪಲಿಗಳು ಎಲ್ಲ ಸೇರಿದರೆ ಉಳಿದ ಜಾಗದಲ್ಲಿ 25 ಜನ ಮೊಣಕಾಲು ತಾಗದೆ ಕೂರಬಹುದು. ಮೊಣಕಾಲು ತಾಗುತ್ತಿದ್ದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಜನರ ಗಮನ ಹಾಡಿನಿಂದ ಸೊಂಟಕ್ಕೆ ಹೋಗುತ್ತದೆ.

ಕಲಾವಿದರನ್ನು 14 ಅಡಿಯ ಗೋಡೆಗಲ್ಲ, 18 ಅಡಿಯ ಗೋಡೆಗೆ ಒರಗುವಂತೆ ಕೂರಿಸಿ. ಆಗ ಎಲ್ಲರೂ ಹತ್ತಿರವಾಗುತ್ತಾರೆ, ಕೊನೆಯ ಸಾಲು ಎಂಬುದೇ ಇರುವುದಿಲ್ಲ. ಬಾಗಿಲು ಅವರ ಬೆನ್ನ ಹಿಂದೆಯೂ ಬೇಡ, ಪಕ್ಕದಲ್ಲೂ ಬೇಡ. ತಡವಾಗಿ ಬಂದವರು ಹಾಡುವವರನ್ನು ದಾಟಿ ಹೋಗುವಂತಾಗಬಾರದು. ನೆಲದ ಮೇಲೆ ಕೂರುವವರು ಮುಂದೆ, ಕುರ್ಚಿಯವರು ಹಿಂದೆ ಇರಲಿ.

ಮೈಕು ಬೇಡವೇ ಬೇಡ. ಅದರ ಬದಲು ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಅಲ್ಲೇ ನಿಲ್ಲದೆ ಝಣ್ ಎಂದು ಬಾಲದಂತೆ ಎಳೆದರೆ ಟೈಲ್ಸ್, ಗಾಜು, ಬರಿಗೋಡೆ ಸೇರಿ ಅದನ್ನು ತಿರುಗಿ ಎಸೆಯುತ್ತಿವೆ ಎಂದು ಅರ್ಥ. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ, ಎದುರು ಗೋಡೆಯ ಕಡೆಗೆ ಪುಸ್ತಕದ ಕಪಾಟು. ನಮ್ಮ ಮನೆಯಲ್ಲಿ ನವಲಗುಂದದ ಹಳೆಯ ಜಮಖಾನ ಒಂದಿದೆ, ಅದನ್ನು ಹಾಸಿದ ದಿನ ತಬಲಾದ ಅಕ್ಷರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಖಾಲಿ ಕೋಣೆಯಲ್ಲಿ ಸ್ವಲ್ಪ ಮಾರ್ದನಿ ಉಳಿದರೆ ಗಾಬರಿಯಾಗಬೇಡಿ, ಜನ ಬಂದು ಕೂತ ಮೇಲೆ ಅವರ ಮೈ, ಬಟ್ಟೆಗಳೇ ಅದನ್ನು ಹೀರಿಕೊಳ್ಳುತ್ತವೆ.

ಇನ್ನು ಫ್ರಿಜ್ಜಿನ ವಿಚಾರ. ಎರಡನೆಯ ವರ್ಷ ಒಬ್ಬ ಹಿರಿಯ ಗಾಯಕರು ಬಂದಿದ್ದರು. ತಂಬೂರಿ ಶ್ರುತಿ ಮಾಡುತ್ತಾ, ತಂತಿಗಳನ್ನು ಹೊತ್ತ ಕುದುರೆಯೆಂಬ ಪಟ್ಟಿಯ ಮೇಲೆ ತಂತಿಯಡಿಯ ಹತ್ತಿಯ ಎಳೆಯನ್ನು ಕೂದಲಿನಷ್ಟು ಸರಿಸುವುದು, ಮೀಟುವುದು, ಮತ್ತೆ ಸರಿಸುವುದು. ಹತ್ತು ನಿಮಿಷವಾದರೂ ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಕೊನೆಗೆ ನನ್ನನ್ನು ಕರೆದು, ‘ಒಳಗೆ ಇನ್ನೊಂದು ಶ್ರುತಿ ನಡೆಯುತ್ತಿದೆಯಲ್ಲಮ್ಮ’ ಎಂದರು. ಅಡುಗೆಮನೆಯ ಫ್ರಿಜ್ಜು. ಅದನ್ನು ಆರಿಸಿದೆ. ಅವರು ನಾಲ್ಕು ತಂತಿಗಳನ್ನೂ ಮೀಟಿದರು. ಮಂದ್ರ ಷಡ್ಜದ, ಅಂದರೆ ಕೆಳಗಿನ ‘ಸ’ದ ದಪ್ಪ ತಂತಿಯೊಳಗಿಂದ, ಯಾರೂ ಮೀಟದ ‘ಗ’, ಗಾಂಧಾರ, ಮೆಲ್ಲಗೆ ಎದ್ದು ಬಂತು. ಅಷ್ಟು ವರ್ಷ ಸಂಗೀತ ಕೇಳಿದ್ದರೂ ಅದನ್ನು ನಾನು ಕಿವಿಯಾರೆ ಕೇಳಿದ್ದು ಅಂದೇ. ಗೋಡೆಗೊರಗಿ ಕೂತಿದ್ದ ಹತ್ತು ವರ್ಷದ ಹುಡುಗಿ ತಲೆಯೆತ್ತಿ ಸುತ್ತ ನೋಡಿದಳು, ಯಾರು ಹಾಡಿದ್ದು ಎಂಬಂತೆ. ಸಾವಿರ ಜನರ ಸಭಾಂಗಣದಲ್ಲಿ, ಧ್ವನಿವರ್ಧಕದ ಮೂಲಕ, ಅದು ಅವಳಿಗೆ ಹಾಗೆ ಕೇಳುತ್ತಿರಲಿಲ್ಲ.

ಆದ್ದರಿಂದ ಫ್ರಿಜ್ಜು, ಫ್ಯಾನು, ಗೂಂಯ್ಗುಡುವ ಟ್ಯೂಬ್‌ಲೈಟು, ಕರೆಗಂಟೆ ಎಲ್ಲವನ್ನೂ ಆರಿಸಿ. ಸೆಕೆಯಿದ್ದರೆ ಜನ ಬರುವ ಮೊದಲು ಒಂದು ಗಂಟೆ ಫ್ಯಾನು ಹಾಕಿಟ್ಟು ಕೋಣೆ ತಂಪು ಮಾಡಿಕೊಳ್ಳಿ. ಎಸಿಯ ಗಾಳಿ ವಾದ್ಯಗಳ ಮೇಲೆ ನೇರವಾಗಿ ಬೀಸಬಾರದು, ತಂತಿಯೂ ಚರ್ಮವೂ ಶ್ರುತಿ ಬಿಡುತ್ತವೆ. ಫ್ರಿಜ್ಜನ್ನು ಮತ್ತೆ ಹಾಕಲು ಮರೆಯದಂತೆ ಮುಂಬಾಗಿಲಿಗೆ ಒಂದು ಚೀಟಿ ಅಂಟಿಸಿಕೊಳ್ಳಿ. ನಾವು ಒಮ್ಮೆ ಮರೆತು ಎರಡು ಲೀಟರ್ ಹಾಲು ಕಳೆದುಕೊಂಡೆವು.

ಊಟದ ಬಗ್ಗೆ: ಮೊದಲು ಕಾಫಿ, ಉಪ್ಪಿಟ್ಟು, ಅಷ್ಟೇ. ಹಾಡುವವರಿಗೆ ಬಿಸಿನೀರು. ಅವರು ಏನು ತಿನ್ನುವುದಿಲ್ಲ ಎಂಬುದನ್ನು ಹಿಂದಿನ ದಿನವೇ ಕೇಳಿ, ಕಛೇರಿ ಮುಗಿದ ಮೇಲೆ ಅವರಿಗೆ ಸರಿಯಾದ ಊಟ ಹಾಕಿ.

ಹಾಡುವವಳೊಬ್ಬಳಿಂದ

ಮನೆಗಳಲ್ಲಿ ಹಾಡುತ್ತಾ ಏಳು ವರ್ಷವಾಯಿತು. ನೀವು ಹಣದ ಮಾತು ಹೇಗೆ ಎತ್ತುವುದು ಎಂದು ಕೇಳಿದ್ದೀರಿ. ಹಾಗೆ ಕೇಳಿದವರೇ ಕಡಿಮೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಫೋನಿನಲ್ಲೇ ಎತ್ತಿ. ‘ನಿಮ್ಮ ಮೂವರಿಗೂ ಸೇರಿ ಎಷ್ಟು? ಓಡಾಟದ ಖರ್ಚು ಬೇರೆಯೇ?’ ಈ ಎರಡು ಪ್ರಶ್ನೆ ಸಾಕು. ನಾಚಿಕೆ ಪಡುವುದಕ್ಕೆ ಏನೂ ಇಲ್ಲ. ಮಾತಾಡದೆ ಉಳಿದರೆ ಇಬ್ಬರಿಗೂ ಸಂಕಟ. ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಮನೆಗೆ ಕರೆದಿದ್ದರು. ಮಹಡಿಯ ಮೇಲೆ 60 ಜನಕ್ಕೆ ಬಗೆಬಗೆಯ ಊಟ. ಎರಡು ಗಂಟೆ ಹಾಡಿದೆವು. ಕೊನೆಗೆ ಶಾಲು, ಹಣ್ಣಿನ ಬುಟ್ಟಿ, ‘ನಿಮಗೆ ಒಳ್ಳೆಯ ಪರಿಚಯಗಳಾದವು’ ಎಂಬ ಮಾತು. ತಬಲಾದವರಿಗೆ ಕೊಡಬೇಕಾದದ್ದನ್ನು ನನ್ನ ಕೈಯಿಂದ ಕೊಟ್ಟೆ, ಅವರಿಗೆ ಇದನ್ನು ಹೇಳಲಿಲ್ಲ. ಆಟೋದಲ್ಲಿ ಆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ ದಾರಿ ಈಗಲೂ ನೆನಪಿದೆ.

ತುಮಕೂರಿನಲ್ಲಿ ಒಬ್ಬ ಶಿಕ್ಷಕ ದಂಪತಿ ಮಾಡಿದ್ದು ಹೀಗೆ. ನನ್ನೊಂದಿಗೆ 12,000 ರೂಪಾಯಿ ಎಂದು ಮೊದಲೇ ಒಪ್ಪಂದವಾಯಿತು. ಗೆಳೆಯರಿಗೆ ಕಳಿಸಿದ ಕರೆಯೋಲೆಯಲ್ಲೇ ತಲಾ 300 ರೂಪಾಯಿ ಎಂದು ಬರೆದರು. 28 ಜನ ಬಂದರು, 8,400 ಆಯಿತು. ಉಳಿದ 3,600 ರೂಪಾಯಿ ಅವರೇ ಹಾಕಿದರು. ಊಟಕ್ಕೆ ಏಳುವ ಮೊದಲು ಮೂರು ಲಕೋಟೆ ತಂದು ಮೂವರ ಕೈಗೂ ಬೇರೆ ಬೇರೆಯಾಗಿ ಕೊಟ್ಟರು. ಪಕ್ಕವಾದ್ಯದವರ ಕೈಗೆ ನೇರವಾಗಿ ಕೊಡುವುದು ಎಷ್ಟು ದೊಡ್ಡ ಮಾತು ಎಂದು ಹಾಡುವವರಿಗೆ ಗೊತ್ತು.

ಟಿಕೆಟ್ ಎಂದು ಇಡದೆ ‘ಮನಸ್ಸಿಗೆ ಬಂದಷ್ಟು’ ಎಂದು ಮಾಡುವುದಾದರೂ ಕನಿಷ್ಠ ಇಷ್ಟು ಎಂಬುದಕ್ಕೆ ನೀವು ಜವಾಬ್ದಾರರಾಗಿರಿ. ಆ ಪ್ರಕಟಣೆಯನ್ನು ಮನೆಯವರೇ ಮಾಡಬೇಕು. ಈಗಷ್ಟೇ ಅಕ್ಕಮಹಾದೇವಿಯ ವಚನ ಹಾಡಿ ಮುಗಿಸಿದ ಬಾಯಿಂದ ಕ್ಯೂಆರ್ ಕೋಡ್ ಎಲ್ಲಿದೆ ಎಂದು ಹೇಳಿಸಬೇಡಿ.

ಇನ್ನೊಂದು ವಿಷಯ, ಮೊಬೈಲು. ಮೊದಲ ಹಾಡಿನಲ್ಲಿ ಬೇಕಾದಷ್ಟು ಚಿತ್ರ ತೆಗೆದುಕೊಳ್ಳಿ, ಆಮೇಲೆ ಎಲ್ಲರೂ ಒಳಗಿಡಿ ಎಂದು ಮೊದಲೇ ಹೇಳಿಬಿಡಿ. ಆರು ಅಡಿ ದೂರದಲ್ಲಿ ಒಬ್ಬರು ಫೋನು ಹಿಡಿದರೆ ಅವರ ಮುಖ ನಮಗೆ ಕಾಣುವುದಿಲ್ಲ. ಆ ಮುಖಗಳನ್ನು ನೋಡಿಕೊಂಡೇ ಮುಂದಿನ ಹಾಡು ಯಾವುದೆಂದು ನಿರ್ಧರಿಸುತ್ತೇವೆ.

ಬೆಂಗಳೂರಿನ ಇನ್ನೊಂದು ಅಪಾರ್ಟ್‌ಮೆಂಟಿನಿಂದ

ಕಾನೂನಿನ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಇದು 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ಮೈಕಿಲ್ಲದಿದ್ದರೆ, ಸಂಜೆ 5ಕ್ಕೆ ಶುರು ಮಾಡಿ 7ಕ್ಕೆ ಮುಗಿಸಿದರೆ ಯಾವ ತಕರಾರೂ ಬರುವುದಿಲ್ಲ. ಆದರೂ ಮೇಲೆ, ಕೆಳಗೆ, ಎರಡು ಪಕ್ಕ, ನಾಲ್ಕೂ ಮನೆಗಳಿಗೆ ನೀವೇ ಹೋಗಿ ಹೇಳಿ, ಅವರನ್ನೂ ಕರೆಯಿರಿ. ನಮ್ಮ ಕೆಳಮನೆಯವರು ಮೊದಲ ಸಲ ಬಾಗಿಲ ಬಳಿ ನಿಂತು ಕೇಳಿದರು. ಈಗ ಕುರ್ಚಿಗಳನ್ನು ತಂದುಕೊಡುವವರೇ ಅವರು. ವಾಹನ ನಿಲ್ಲಿಸುವ ಜಾಗದ ಬಗ್ಗೆ ಕಾವಲುಗಾರರಿಗೆ ಮೊದಲೇ ತಿಳಿಸಿ, ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲೇ.

ವಿಡಿಯೋ ಮಾಡಿ ಅಂತರ್ಜಾಲಕ್ಕೆ ಹಾಕುವ ಯೋಚನೆಯಿದ್ದರೆ ಕಲಾವಿದರ ಅನುಮತಿ ಜೊತೆಗೆ ಹಾಡಿನ ಹಕ್ಕನ್ನೂ ನೋಡಿ. ಷರೀಫರು ತೀರಿಕೊಂಡದ್ದು 1889ರಲ್ಲಿ, ವಚನಗಳಂತೂ ಎಲ್ಲರವು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಕವಿಯ ನಂತರ 60 ವರ್ಷ ಹಕ್ಕು ಉಳಿಯುವುದರಿಂದ ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಅನುಮತಿ ಬೇಕು. ಹೊಸದಾಗಿ ರಾಗ ಹಾಕಿದ್ದರೆ ಆ ರಾಗ ಸಂಯೋಜನೆಯ ಹಕ್ಕು ಬೇರೆ.

ಸಣ್ಣ ಜಾಗಗಳಲ್ಲಿ ಹಾಡು ಕೇಳಿಸುವ ಸೋಫಾರ್ ಸೌಂಡ್ಸ್ ಎಂಬ ಬಳಗ 2009ರಲ್ಲಿ ಲಂಡನ್ನಿನ ಒಂದು ಮನೆಯಲ್ಲಿ ಹುಟ್ಟಿದ್ದೇ ಹಾಡಿನ ನಡುವೆ ಮಾತಾಡುವವರ ಕಾಟದಿಂದ. ಈಗ ಅದು ಬೆಂಗಳೂರಿನಲ್ಲೂ ಕೂಟಗಳನ್ನು ನಡೆಸಿದೆ. ಯಾರು ಹಾಡುತ್ತಾರೆಂಬುದು ಕೇಳುವವರಿಗೆ ಸಾಮಾನ್ಯವಾಗಿ ಅಲ್ಲಿಗೆ ಹೋದ ಮೇಲೆಯೇ ತಿಳಿಯುತ್ತದೆ. ಒಮ್ಮೆ ಹೋಗಿ ಕೂತು ನೋಡಿದರೆ ನಿಮಗೆ ಅಂದಾಜು ಸಿಗುತ್ತದೆ.

ಧಾರವಾಡದಿಂದ

ಸಂಜೆಯೇ ಏಕೆ? ಭಾನುವಾರ ಬೆಳಗ್ಗೆ ಏಳಕ್ಕೆ ಇಟ್ಟುಕೊಳ್ಳಿ. ನಮ್ಮ ಮನೆಯ ಬೈಠಕ್ಕುಗಳು ಬೆಳಗಿನವೇ. ಸಭಾಂಗಣಗಳ ಕಾರ್ಯಕ್ರಮ ಹೆಚ್ಚಾಗಿ ಸಂಜೆ ಇರುವುದರಿಂದ ಲಲತ್, ತೋಡಿ, ಭೈರವದಂಥ ಬೆಳಗಿನ ರಾಗಗಳನ್ನು ಎದುರಿಗೆ ಕೂತು ಕೇಳುವ ಅವಕಾಶವೇ ಅಪರೂಪ. ರಸ್ತೆಯೂ ಆಗ ಮಲಗಿರುತ್ತದೆ. ನಿಮ್ಮ ಗಾಯಕಿ ಹಾಡುವುದು ತತ್ವಪದವಾದರೂ ಬೆಳಗಿನ ಕೊರಳಿಗೂ ಬೆಳಗಿನ ಕಿವಿಗೂ ಒಂದು ಹದ ಇರುತ್ತದೆ. ಕೇಳಿ ನೋಡಿ, ಅವರು ಒಪ್ಪಬಹುದು.

ಕುಂದಗೋಳದ ನಾಡಿಗೇರ ವಾಡೆಗೆ ಒಮ್ಮೆ ಹೋಗಿ ಬನ್ನಿ ಎಂದೂ ಹೇಳುತ್ತೇನೆ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು ಅದು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಅವರಲ್ಲಿ ಪಾಠ ಹೇಳಿಸಿಕೊಂಡ ಊರು. ಆ ಗುರುವಿನ ನೆನಪಿನ ಸಂಗೀತೋತ್ಸವ ಇಂದಿಗೂ ಆ ವಾಡೆಯಲ್ಲಿ ನಡೆಯುತ್ತದೆ. ಕಟ್ಟಿದ್ದು ಮನೆಯಾಗಿ, ಸಂಗೀತಕ್ಕಾಗಿ ಅಲ್ಲ. ಆದರೂ ಅಲ್ಲಿ ಕೂತವರು ಶ್ರುತಿ ಮಾಡುವಾಗಲೂ ಮಾತಾಡುವುದಿಲ್ಲ. ನಿಮ್ಮ ಅತಿಥಿಗಳಿಗೆ ಇದೊಂದನ್ನು ಹೇಳಿ: ಶ್ರುತಿ ಸೇರಿಸುವುದು ಕಾರ್ಯಕ್ರಮದ ಒಳಗೇ ಇದೆ, ಹೊರಗಲ್ಲ.

ಉಡುಪಿಯ ಕಡೆಯಿಂದ

ನಮ್ಮಲ್ಲಿ ಮನೆಗೆ ಕಲಾವಿದರು ಬರುವುದು ಹೊಸದಲ್ಲ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ, ಮಳೆಗಾಲದ ಸಂಜೆಗಳಲ್ಲಿ ಚಿಕ್ಕಮೇಳದವರು ಮನೆ ಮನೆಗೆ ಬರುತ್ತಾರೆ. ಭಾಗವತರು, ಮದ್ದಳೆಯವರು, ಒಂದು ಸ್ತ್ರೀವೇಷ, ಒಂದು ಪುರುಷವೇಷ. ಚಾವಡಿಯಲ್ಲಿ ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಹೂವು ಇಟ್ಟು ಕಾಯುತ್ತೇವೆ. ಕಾಲು ಗಂಟೆಯ ಆಟ, ಅಷ್ಟೇ. ಗೆಜ್ಜೆ ಕಟ್ಟಿದ ಕಾಲು ನನ್ನ ಅಜ್ಜಿಯ ಮಂಚದಿಂದ ಮೂರು ಅಡಿ ದೂರದಲ್ಲಿ ಕುಣಿಯುತ್ತಿತ್ತು, ಹೊರಗಿನಿಂದ ಬಂದವರ ಮೈಯ ಮಳೆಹನಿ ನೆಲಕ್ಕೆ ಬೀಳುತ್ತಿತ್ತು. ಅಜ್ಜಿ ಕೊನೆಯ ಆರು ವರ್ಷ ಮನೆಯಿಂದ ಹೊರಗೆ ಹೋಗಲಿಲ್ಲ, ಆದರೆ ಆಟ ನೋಡದ ಮಳೆಗಾಲ ಅವರಿಗೆ ಇರಲಿಲ್ಲ. ನಿಮ್ಮ ತಾಯಿಯ ವಿಷಯ ಓದಿ ಇದು ನೆನಪಾಯಿತು. ಎರಡು ಮೂರು ಗಂಟೆ ಹಾಡಿಸಬೇಕೆಂದೇನೂ ಇಲ್ಲ. ಒಂದು ಗಂಟೆ ಸಾಕು.

ನ್ಯೂಜೆರ್ಸಿಯಿಂದ

ಇಲ್ಲಿ ಕನ್ನಡಿಗರ ಮನೆಯ ನೆಲಮಾಳಿಗೆಗಳೇ ನಮ್ಮ ಸಭಾಂಗಣ, ಗೋಡೆಯಿಂದ ಗೋಡೆಗೆ ಕಾರ್ಪೆಟ್ ಇರುವುದರಿಂದ ಮಾರ್ದನಿಯ ಚಿಂತೆಯಿಲ್ಲ. ಊರಿನಿಂದ ಬಂದ ಕಲಾವಿದರನ್ನು ಹಾಡಿಸುವವರು ಒಂದು ಎಚ್ಚರ ವಹಿಸಬೇಕು: ಪ್ರವಾಸಿ ವೀಸಾದಲ್ಲಿ ಬಂದವರು ಹಣ ಪಡೆದು ಕಾರ್ಯಕ್ರಮ ಕೊಡುವಂತಿಲ್ಲ, ಅದಕ್ಕೆ ಕಲಾವಿದರ ವೀಸಾ ಬೇರೆ ಇದೆ. ನಿಮ್ಮ ಪ್ರಶ್ನೆಗೆ ಇದು ಸಂಬಂಧಿಸಿದ್ದಲ್ಲ, ಆದರೆ ಇಲ್ಲಿನ ಓದುಗರಿಗೆ ಬೇಕಾದೀತು ಎಂದು ಬರೆದೆ.

ಕೇಳಿದವರು ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಗಾಯಕಿಯವರಿಗೆ ಫೋನು ಮಾಡಿ ಮೊದಲು ಹಣದ ಮಾತನ್ನೇ ಆಡಿದೆ. ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಮೂವರ ಲೆಕ್ಕವನ್ನೂ ಬಿಡಿಸಿ ಹೇಳಿದರು. ಭಾನುವಾರ ಬೆಳಗ್ಗೆ ಎಂದರೆ ಸಂತೋಷದಿಂದ ಒಪ್ಪಿದರು. ತಬಲಾದವರು ಮಾತ್ರ ಶ್ರುತಿ ಮಾಡಿಕೊಳ್ಳಲು ಮುಕ್ಕಾಲು ಗಂಟೆ ಮೊದಲೇ ಬರುತ್ತಾರಂತೆ. ಹೆಸರುಗಳ ಪಟ್ಟಿಯನ್ನು 24ಕ್ಕೆ ಇಳಿಸಿದ್ದೇನೆ. ಇವತ್ತು ಚಪ್ಪಾಳೆ ತಟ್ಟಿ ನೋಡಿದೆ, ಬಾಲ ಉದ್ದವಾಗಿಯೇ ಇದೆ, ಪರದೆ ಹೊಲಿಸಬೇಕು. ಅಮ್ಮನ ಕುರ್ಚಿಯನ್ನು ಹಿಂದೆ ಹಾಕಲು ಮನಸ್ಸಾಗಲಿಲ್ಲ. ತಬಲಾದ ಬಲಕ್ಕೆ, ಕಿಟಕಿಯ ಪಕ್ಕ, ಯಾರ ನೋಟಕ್ಕೂ ಅಡ್ಡವಾಗದ ಒಂದು ಮೂಲೆಯಿದೆ. ಅಲ್ಲಿ ಕೂರಿಸಿ ನೋಡಿದೆ. ಕಾಲು ಚಾಚಲು ಒಂದು ಮಣೆ ಬೇಕು ಎಂದರು.