ಬೋರಿನ ಪಾಯಿಂಟ್: ಇವರಲ್ಲಿ ನಿಜವಾಗಿ ತಿಳಿದವರು ಯಾರು?

ಮಾವಿನತೋಪು, ಶ್ರೀನಿವಾಸಪುರ:
ಬೋರ್ ಎಲ್ಲಿ ಕೊರೆಸೋದು ಅಂತ ಕೇಳಿದ್ರೆ ಹೊಲ ಒಂದು, ಸಲಹೆ ಮೂರು. ತೆಂಗಿನಕಾಯಿ ಹಿಡಿದು ನೋಡೋರು ಬೇವಿನ ಮರದ ಪಕ್ಕ ಅಂತಾರೆ. ಮೆಷಿನ್ ಇಟ್ಟೋರು ಇನ್ನೊಂದು ಮೂಲೆ ತೋರಿಸ್ತಾರೆ. ಬೋರ್ ಕೊರೆಯೋ ರಿಗ್‌ನ ಏಜೆಂಟ್ "ಇನ್ನೊಂದು ನೂರಡಿ ಇಳಿಸಿ, ಸಿಕ್ಕೇ ಸಿಗತ್ತೆ" ಅಂತಾನೆ. ಮೂವರೂ ಪಳಗಿದೋರೇ. ವಿವೇಕ ಯಾರಲ್ಲಿದೆ ಅಂತ ಗುರುತು ಹಿಡಿಯೋದು ಹೇಗೆ?

ಕಣಶಿಲೆ:
"ನನ್ನ ಲೆಕ್ಕ ತಪ್ಪಿತು ಅಂತ ಎಷ್ಟು ಅಡಿಗೆ ಒಪ್ಕೋತೀರಿ?" ಅಂತ ಮೂವರನ್ನೂ ಕೇಳಿ. ಅಡಿ ಹೇಳಲಾರದವರಿಗೆ ವಿದ್ಯೆ ಇರಬಹುದು, ವಿವೇಕ ಇಲ್ಲ. ಕೋಲಾರದ ತಳ ಗಟ್ಟಿ ಗ್ರಾನೈಟ್ ಮತ್ತು ನೈಸ್ (gneiss) ಅನ್ನೋ ಕಲ್ಲು. ನೀರಿರೋದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ಆಳ ಹೆಚ್ಚಿದಂತೆ ಬಿರುಕು ಸಾಮಾನ್ಯವಾಗಿ ವಿರಳವಾಗುತ್ತೆ. ನೂರಡಿ ಹೆಚ್ಚಿಗೆ ಕೊರೆದರೆ ಏಜೆಂಟನ ಬಿಲ್ಲಂತೂ ಬೆಳೆಯುತ್ತೆ. ಇನ್ನು ಮೆಷಿನ್: ಅದು ಅಳೆಯೋದು ನೀರನ್ನಲ್ಲ, ನೆಲದ ವಿದ್ಯುತ್ ರೋಧವನ್ನ. ನೀರು ತುಂಬಿದ ಬಿರುಕಿಗೂ ಬರೀ ಜೇಡಿಗೂ ರೋಧ ಕಡಿಮೆಯೇ ತೋರಿಸುತ್ತೆ. ಕೇಳದೇನೇ ಇದನ್ನ ಹೇಳೋ ತಜ್ಞ ಸಿಕ್ಕರೆ ಬಿಡಬೇಡಿ.

ಹಳೇಕೆರೆ, ಮುಳಬಾಗಿಲು:
ಕಾಯಿ ಹಿಡಿಯೋರನ್ನ ನೋಡಿ ನಗೋದೇನೂ ಬೇಡ, ಲೆಕ್ಕ ಕೇಳಿ. ನೀರು ಬಿದ್ದ ಪಾಯಿಂಟ್ ಊರಿಗೆಲ್ಲ ಗೊತ್ತು, ಧೂಳೆದ್ದದ್ದು ಯಾರಿಗೂ ನೆನಪಿರಲ್ಲ. ಕೊನೇ 20 ಪಾಯಿಂಟ್‌ಗಳ ಆಳ, ಎಷ್ಟು ಅಡಿಗೆ ಸಿಕ್ತು, ಎರಡು ಬೇಸಿಗೆ ಕಳೆದ ಮೇಲೆ ಏನಾಯ್ತು, ಇಷ್ಟೇ ಸಾಕು. ಗಣಿತ ಹುಡುಗರಿಗೂ ಒಲಿಯುತ್ತೆ, ವಿವೇಕಕ್ಕೆ ಅನುಭವ ಬೇಕು ಅಂದಿದ್ದ ಅರಿಸ್ಟಾಟಲ್. ಸರಿಯೇ, ಆದರೆ ಸೋಲನ್ನ ಬಿಟ್ಟು ಗೆಲುವನ್ನಷ್ಟೇ ಎಣಿಸೋ ಅನುಭವ ಅವನ ಲೆಕ್ಕಕ್ಕೂ ಬರಲಾರದು.
ಅಂದಹಾಗೆ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರ್ತಿದೆಯಲ್ಲ, ನಿಮ್ಮ ಹೊಲ ಅಂಥ ಕೆರೆಯ ಕೆಳಗಿದ್ದರೆ ಬತ್ತಿದ ಹಳೇ ಬೋರಿಗೆ ಒಮ್ಮೆ ಹಗ್ಗ ಇಳಿಸಿ ನೋಡಿ. ಹೊಸದು ಆಮೇಲೆ.

ಮಾವಿನತೋಪು:
ರಿಗ್‌ನೋರು "ಎರಡಿಂಚು ನೀರು" ಅಂದ್ರೆ ನಂಬಬಹುದಾ?

ಕಣಶಿಲೆ:
ಆ ಇಂಚು ಪೈಪಿನ ಗಾತ್ರ ಅಲ್ಲ, ವಿ-ನಾಚ್ ತಗಡಿನಲ್ಲಿ, ಅಂದ್ರೆ V ಆಕಾರದ ಕಚ್ಚು ಕತ್ತರಿಸಿದ ತಗಡಿನಲ್ಲಿ, ಹರಿಯೋ ನೀರಿನ ಎತ್ತರ. 90 ಡಿಗ್ರಿ ನಾಚ್‌ನಲ್ಲಿ 1 ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, 2 ಇಂಚಿಗೆ ಸುಮಾರು 2,900. ಇಂಚು ದುಪ್ಪಟ್ಟಾದರೆ ನೀರು ಐದೂವರೆ ಪಟ್ಟಿಗೂ ಹೆಚ್ಚು, ಹಾಗಾಗಿ ಅರ್ಧ ಇಂಚು ಸುಳ್ಳು ಹೇಳಿದರೂ ಮೋಟರ್ ಆಯ್ಕೆ ಕೆಡುತ್ತೆ. ಮೇಲಾಗಿ ರಿಗ್‌ನ ಕಂಪ್ರೆಸರ್ ಗಾಳಿ ಊದಿ ಎಬ್ಬಿಸೋ ನೀರಲ್ಲಿ ಬಿರುಕಿನಲ್ಲಿ ಮೊದಲೇ ನಿಂತಿದ್ದ ನೀರೂ ಸೇರಿರುತ್ತೆ. ಬಾಡಿಗೆ ಪಂಪ್ ಇಳಿಸಿ, ಒಂದೇ ವೇಗದಲ್ಲಿ ಓಡಿಸಿ, ಗಂಟೆಗೊಮ್ಮೆ ಮಟ್ಟ ಬರೆದುಕೊಳ್ಳಿ. ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಹಳೇ ಮಟ್ಟಕ್ಕೆ ಏರಿತು ಅನ್ನೋದನ್ನೂ ಬರೆಯಿರಿ. ಮೋಟರ್ ಕೊಳ್ಳೋದು ಆ ಚೀಟಿ ಕೈಗೆ ಬಂದ ಮೇಲೆ.